ಪೂರ್ಣ ಸಂಖ್ಯೆಗಳ ಖಾಲಿ ಪೆಟ್ಟಿಗೆ

ಸೋಮವಾರ ಮಧ್ಯಾಹ್ನ,
ಅಂಗಡಿಯ ಇಸ್ತ್ರಿ ಮೇಜಿನಿಂದ

ನನ್ನ ಸೂಜಿಮೆಣಸಿಗೆ,

ಅಜ್ಜಿಯ ಮುತ್ತು. ಬೇಡವೆನಿಸಿದರೆ ಒರೆಸಿಕೋ, ಆದರೆ ಕಾಗದವನ್ನು ಕೊನೆಯವರೆಗೂ ಓದು. ಫೋನಿನಲ್ಲಿ ಹೇಳೋಣವೆಂದರೆ ನನ್ನ ಬಾಯಿ ನಿನಗೆ ಗೊತ್ತೇ ಇದೆ, ಕ್ಷಮೆ ಕೇಳಲು ಹೊರಟು ಜಗಳ ಕಟ್ಟಿಕೊಂಡು ಬರುತ್ತದೆ. ಕೈ ವಾಸಿ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು ನಾನು, ಒಂದು ಒತ್ತಕ್ಷರ ಬರೆದು ಮುಗಿಸುವಷ್ಟರಲ್ಲಿ ಸಿಟ್ಟು ಆರಿರುತ್ತದೆ.

ನೀನು ಬರದೆ ಎರಡು ವಾರವಾಯಿತು. ಮಗುವಿಗೆ ಹುಷಾರಿಲ್ಲವಂತೆ ಎಂದು ನಿನ್ನಪ್ಪ ಹೇಳಿದ, ನಾನೂ ಹೂಂ ಎಂದೆ. ದೊಡ್ಡವರಿಬ್ಬರೂ ಬೇರೆಯಾಗಿ, ವಾರವೆಲ್ಲ ಅಮ್ಮನ ಮನೆ, ಶುಕ್ರವಾರ ಸಂಜೆಯಿಂದ ಅಪ್ಪನ ಮನೆ ಎಂದು ನಿನ್ನನ್ನು ಹಂಚಿಕೊಂಡ ಮೇಲೆ, ಜ್ವರದಲ್ಲೂ ನೀನು ತಪ್ಪಿಸಿದವಳಲ್ಲ. ಯಾಕೆ ಬರಲಿಲ್ಲವೆಂದು ನನಗೆ ಗೊತ್ತು. ನನಗೆ ಗೊತ್ತಿದೆಯೆಂದು ನಿನಗೂ ಗೊತ್ತು. ಏನೂ ಗೊತ್ತಿಲ್ಲದವನು ನಿನ್ನಪ್ಪನೊಬ್ಬನೇ. ಅದೇನು ಹೊಸದಲ್ಲ ಬಿಡು.

ಕೊನೆಯ ಸಲ ಬಂದ ಆ ಶುಕ್ರವಾರ ನೀನು ಶಾಲೆಯ ಪ್ರದರ್ಶನಕ್ಕೆಂದು ಮಾಡಿದ ರಟ್ಟಿನ ಪೆಟ್ಟಿಗೆಗಳನ್ನು ಇದೇ ಮೇಜಿನ ಮೇಲೆ ಬಿಚ್ಚಿದೆ. ಎಲ್ಲಕ್ಕಿಂತ ಪುಟ್ಟದರಲ್ಲಿ ಒಂದು, ಎರಡು, ಮೂರು. ಎಣಿಸುವ ಸಂಖ್ಯೆಗಳು, ಇವು ಸ್ವಾಭಾವಿಕ ಎಂದೆ. ಆ ಪೆಟ್ಟಿಗೆಯನ್ನು ಇನ್ನೊಂದರೊಳಗಿಟ್ಟು ಪಕ್ಕಕ್ಕೆ ಸೊನ್ನೆಯ ಚೀಟಿ ಹಾಕಿದೆ, ಈಗ ಪೂರ್ಣ ಸಂಖ್ಯೆಗಳು ಎಂದೆ. ಅದನ್ನೆತ್ತಿ ಮತ್ತೂ ದೊಡ್ಡದರೊಳಗೆ, ಸೊನ್ನೆಗಿಂತ ಕೆಳಗಿನವುಗಳ ಜೊತೆ ಕೂರಿಸಿದೆ, ಪೂರ್ಣಾಂಕಗಳು. ಅದನ್ನು ಅರ್ಧ, ಮುಕ್ಕಾಲುಗಳ ಜೊತೆ ಭಾಗಲಬ್ಧದ ಪೆಟ್ಟಿಗೆಯೊಳಗೆ. ಭಿನ್ನರಾಶಿಯಾಗಿ ಬರೆಯಲು ಬಗ್ಗದ ಮೊಂಡು ಸಂಖ್ಯೆಗಳು ಕೆಲವು ಇದ್ದವಲ್ಲ, ಅಭಾಗಲಬ್ಧ, ಅವಕ್ಕೆ ಪಕ್ಕದಲ್ಲೇ ಬೇರೆ ಪೆಟ್ಟಿಗೆ. ಕೊನೆಗೆ ಎರಡನ್ನೂ ವಾಸ್ತವ ಸಂಖ್ಯೆಗಳ ದೊಡ್ಡ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದೆ. ಆ ಮೊಂಡು ಸಂಖ್ಯೆಗಳು ನನ್ನ ಜಾತಕದವು ಎಂದು ನಾನು ನಕ್ಕರೆ, ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಇಲ್ಲ ಅಜ್ಜಿ, ದಶಮಾಂಶದಲ್ಲಿ ಬರೆದ್ರೆ ಅವು ಮುಗಿಯೋದೂ ಇಲ್ಲ, ಹೇಳಿದ್ದನ್ನೇ ಹೇಳ್ತಾ ಕೂರೋದೂ ಇಲ್ಲ. ನೀನು ಮುಗಿಯಲ್ಲ, ಆದ್ರೆ ಹೇಳಿದ್ದನ್ನೇ ಹೇಳ್ತೀಯ. ನೀನು ಭಾಗಲಬ್ಧ."

ನಗು ಬಂತು, ಬುದ್ಧಿ ಬರಲಿಲ್ಲ. ಜನ್ಮವಿಡೀ ಊರಿನವರ ಬಟ್ಟೆ ಒಗೆದು, ಗುರುತು ನೋಡಿ, ಮನೆಮನೆಯ ಗಂಟು ಕಟ್ಟಿದವಳು ನಾನು. ಒಂದು ಅಂಗಿ ಎರಡು ಗಂಟಿನಲ್ಲಿ ಇರಲು ಸಾಧ್ಯವೇನೇ ಎಂದು ಗದರಿದೆ. ಅಂಗಿಗೆ ಆಗುವುದಿಲ್ಲ, ಮೂರಕ್ಕೆ ಆಗುತ್ತದೆ, ಹೊರಗಿನ ಪೆಟ್ಟಿಗೆಗೂ ಸೇರಿದೆ ಅಂದಮಾತ್ರಕ್ಕೆ ಒಳಗಿನದನ್ನು ಬಿಡಬೇಕಿಲ್ಲ ಎಂದು ನೀನು ತಾಳ್ಮೆಯಿಂದ ಹೇಳಿದೆ. ನಾನು ಇಸ್ತ್ರಿಪೆಟ್ಟಿಗೆಯ ಕಡೆ ತಿರುಗಿದೆ.

ಮರುದಿನ ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ನಾನು, ಮಗು ಅವಸರದಲ್ಲಿ ಎಲ್ಲ ಒಂದರೊಳಗೊಂದು ತುರುಕಿದ್ದಾಳೆ, ನೋಡಿದವರು ಏನಂದಾರು ಎಂದುಕೊಂಡು ಬಿಚ್ಚಿದೆ. ಒಳಗಿನ ಪೆಟ್ಟಿಗೆಗಳನ್ನೆಲ್ಲ ಹೊರತೆಗೆದು, ಒಂದರ ಪಕ್ಕ ಒಂದು ಒಪ್ಪವಾಗಿ ಜೋಡಿಸಿ, ಬಟ್ಟೆಯಲ್ಲಿ ಸುತ್ತಿ ನನ್ನ ಅಂಗಡಿಯ ಗಂಟು ಹಾಕಿದೆ. ಸೊನ್ನೆಯ ಚೀಟಿ ದಾರಿಯಲ್ಲಿ ಎಲ್ಲೋ ಬಿದ್ದಿರಬೇಕು. ನಾವಿಬ್ಬರೂ ಹೋದ ಬಸ್ಸು ತಡವಾಗಿ, ನೀನು ಶಾಲೆಯಲ್ಲಿ ಗಂಟು ಬಿಚ್ಚಿದ್ದೇ ಪರೀಕ್ಷಕರು ಎದುರು ನಿಂತ ಮೇಲೆ.

ಆ ಕನ್ನಡಕದ ಮೇಷ್ಟ್ರು ಪೂರ್ಣ ಸಂಖ್ಯೆಗಳ ಪೆಟ್ಟಿಗೆಯನ್ನು ಎತ್ತಿ, ತಲೆಕೆಳಗೆ ಮಾಡಿ, ಒಳಗೆ ಒಂದೂ ಇಲ್ಲವಲ್ಲಮ್ಮ ಎಂದಾಗ ಸುತ್ತಲಿದ್ದವರು ನಕ್ಕರು. ಮೂರು ಭಾಗಲಬ್ಧವಲ್ಲವೇ, ಅದನ್ನು ಯಾಕೆ ಹೊರಗಿಟ್ಟಿದ್ದೀಯ ಎಂದು ಇನ್ನೊಬ್ಬರು ಕೇಳಿದರು. ನೀನು ಗಂಟು ಬಿಚ್ಚಿದ ಬಟ್ಟೆಯನ್ನು ನೋಡಿದೆ. ಆಮೇಲೆ ನನ್ನನ್ನು ನೋಡಿದೆ. ನಾನು ಫ್ಯಾನು ನೋಡುತ್ತಿದ್ದೆ.

"ನಾನೇ ತಪ್ಪಾಗಿ ಜೋಡಿಸಿಬಿಟ್ಟೆ ಸರ್," ಎಂದೆ ನೀನು.

ಹನ್ನೆರಡರ ಕೂಸು ನನ್ನ ಮಾನ ಮುಚ್ಚಿತು. ಅದನ್ನು ತಾಳಿಕೊಳ್ಳಲಾಗಲಿಲ್ಲ ನನಗೆ. ಬಸ್ಸಿನಲ್ಲಿ ನೀನು ಒಂದು ಮಾತು ಬೈದಿದ್ದರೂ ಸಾಕಿತ್ತು, ನೀನು ಪೆಟ್ಟಿಗೆಗಳ ಮುಚ್ಚಳ ಒರೆಸುತ್ತ ಕೂತೆ, ಅದಕ್ಕೆ ಹೆದರಿ ನಾನೇ ಬಾಯಿಬಿಟ್ಟೆ. "ಎರಡು ದೋಣಿ ಮೇಲೆ ಕಾಲಿಟ್ಟೋಳಿಗೆ ಡಬ್ಬಿ ಜೋಡಿಸೋಕಾದ್ರೂ ಎಲ್ಲಿಂದ ಬರಬೇಕು?" ಬರೆಯುವಾಗ ಒಂದೊಂದು ಅಕ್ಷರಕ್ಕೂ ತಡವರಿಸುತ್ತಿದ್ದೇನೆ, ಅಂದಾಗ ನಾಲಿಗೆ ತಡವರಿಸಲಿಲ್ಲ. ನೀನು ಪೆಟ್ಟಿಗೆಗಳನ್ನು ನನ್ನ ಮಡಿಲಿಗಿಟ್ಟು, ಅಮ್ಮನ ಮನೆಯ ಸ್ಟಾಪಿನಲ್ಲಿ ಇಳಿದುಬಿಟ್ಟೆ. ದೋಣಿಗೆ ಕಾಲಿಟ್ಟವಳು ನೀನಲ್ಲ ಮಗೂ. ದೋಣಿ ಎರಡಾದಾಗ ನಿನ್ನನ್ನು ಯಾರೂ ಕೇಳಲಿಲ್ಲ.

ನಿನ್ನೆ ಪೆಟ್ಟಿಗೆಗಳನ್ನು ನೀನು ಮಾಡಿದಂತೆಯೇ ಮತ್ತೆ ಜೋಡಿಸಲು ಕೂತೆ. ಎರಡು ಸಲ ತಪ್ಪಿದೆ. ಮೂರನೆಯ ಸಲ ಸರಿಯಾಗಿ, ಕೊನೆಯ ಮುಚ್ಚಳ ಹಾಕುವ ಮುಂಚೆ ನಿನ್ನ ಮೂರು ಎಲ್ಲಿದೆಯೆಂದು ಹುಡುಕಿದೆ. ಅದು ತನ್ನ ಪುಟ್ಟ ಪೆಟ್ಟಿಗೆಯಲ್ಲೇ ಇತ್ತು. ಅಷ್ಟು ದೊಡ್ಡ ಪೆಟ್ಟಿಗೆಗೆ ಸೇರಿದ್ದಕ್ಕೆ ಅದನ್ನು ಅಲ್ಲಿಂದ ಯಾರೂ ಎಬ್ಬಿಸಿರಲಿಲ್ಲ.

ಪ್ರತಿ ಶುಕ್ರವಾರ ಬಾಗಿಲಲ್ಲಿ ನಿಲ್ಲಿಸಿ, ನೀನು ಯಾರ ಮನೆ ಹುಡುಗಿ ಹೇಳು, ಆಮೇಲೆ ಒಳಗೆ ಬಾ ಎನ್ನುತ್ತಿದ್ದೆನಲ್ಲ. ತಮಾಷೆ ಎಂದು ಹೇಳಿಕೊಂಡಿದ್ದೆ. ನಿನಗೆ ಅದು ಎಂದೂ ತಮಾಷೆಯಾಗಿರಲಿಲ್ಲ, ಚಪ್ಪಲಿ ಬಿಡುವ ನೆಪದಲ್ಲಿ ನೀನು ತಲೆ ತಗ್ಗಿಸುತ್ತಿದ್ದೆ. ಇನ್ನು ಕೇಳುವುದಿಲ್ಲ. ಅಮ್ಮನ ಮಾತು ಈ ಮನೆಯಲ್ಲಿ ಆಡಬೇಡ ಎಂದಿದ್ದೆ, ಅದನ್ನೂ ವಾಪಸು ತೆಗೆದುಕೊಂಡೆ. ಈ ಕಾಗದವನ್ನು ಅವಳೂ ಓದಲಿ. ನಗುವುದಿದ್ದರೆ ನಗಲಿ, ನಗುವ ಹಕ್ಕು ಅವಳಿಗಿದೆ.

ನಿಮ್ಮ ಟೀಚರ ಬಳಿ ಹೋಗಿ ಜೋಡಿಸಿದ್ದು ನಾನು ಎಂದು ಹೇಳಿಬಂದೆ. ಮುಗಿದ ಸ್ಪರ್ಧೆಯ ಅಂಕ ತಿದ್ದಲು ಬರುವುದಿಲ್ಲವಂತೆ. ಆದರೆ ಪೆಟ್ಟಿಗೆ ತಂದರೆ ತರಗತಿಯಲ್ಲಿ ನೀನೇ ಬಿಡಿಸಿ ಹೇಳಬಹುದಂತೆ. ನಿನ್ನಪ್ಪನ ಕೈಯಲ್ಲಿ ಕಳಿಸುತ್ತೇನೆ, ಗಂಟು ಹಾಕಿಲ್ಲ.

ಇಂತಿ,
ನಿನ್ನಪ್ಪನ ಅಮ್ಮ,
ನೀನು ಒಪ್ಪಿದರೆ ನಿನ್ನ ಅಜ್ಜಿ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಸೊನ್ನೆ ದಾರಿಯಲ್ಲಿ ಬೀಳಲಿಲ್ಲ. ಇಡೀ ಪೆಟ್ಟಿಗೆಯಲ್ಲಿ ಅದೊಂದೇ ಉಳಿದಾಗ, ಏನೂ ಇಲ್ಲದ್ದಕ್ಕೆ ಒಂದು ಚೀಟಿ ಬೇರೆ ಕೇಡು ಎಂದು ನಾನೇ ತೆಗೆದು ನನ್ನ ಕನ್ನಡಕದ ಡಬ್ಬಿಗೆ ಹಾಕಿಕೊಂಡೆ. ಮೇಷ್ಟ್ರು ಖಾಲಿ ಪೆಟ್ಟಿಗೆ ಎತ್ತಿ ಹಿಡಿದಾಗ ಆ ಡಬ್ಬಿ ನನ್ನ ಮಡಿಲಲ್ಲೇ ಇತ್ತು. ಎದ್ದು ಕೊಟ್ಟಿದ್ದರೆ ಮುಗಿಯುತ್ತಿತ್ತು. ನಾನು ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಸೊನ್ನೆ ಬೇಕಾದರೆ ನೀನೇ ಬಂದು ತೆಗೆದುಕೋ ಎಂದು ಬರೆಯೋಣವೆಂದುಕೊಂಡಿದ್ದೆ, ಅದೂ ಕಳ್ಳಬುದ್ಧಿಯೇ. ಈ ಲಕೋಟೆಯಲ್ಲೇ ಇಟ್ಟಿದ್ದೇನೆ, ಬಿಸಾಡುವ ಮುಂಚೆ ಒಳಗೆ ನೋಡು.