ಹನ್ನೊಂದನೇ ಮೆಟ್ಟಿಲು

ಮೇಡಂ,

ನಿಮ್ಮ ಸುತ್ತು ಮೆಟ್ಟಿಲಿನ ಡ್ರಾಯಿಂಗ್ ನೋಡೇ ನಾನು ಈ ಕೆಲಸಕ್ಕೆ ಬಂದಿದ್ದು. ಕಂಪ್ಯೂಟರ್ ಮಾಡೆಲ್‌ನಲ್ಲಿ ಎಸಿ ಗಾಳಿ ಹೋಗೋ ಡಕ್ಟ್ ಅದರ ಮೇಲೆ ತಲೆಗೆ ತಾಗೋ ಹಾಗೆ ಹಾದುಹೋಗಿತ್ತು. ಮೀಟಿಂಗಲ್ಲಿ ಹೇಳಿದ್ರೆ ನಿಮ್ಮ ಮೆಟ್ಟಿಲಿಗೇ ಕತ್ತರಿ ಬೀಳುತ್ತೆ ಅಂತ ಹೆದರಿ, ಒಂದಕ್ಕೊಂದು ಅಡ್ಡ ಬರೋ ಜಾಗಗಳ ಕ್ಲ್ಯಾಶ್ ಲಿಸ್ಟಲ್ಲಿ ‘ಸರಿಹೋಗಿದೆ’ ಅಂತ ಒತ್ತಿಬಿಟ್ಟೆ. ವಾಟ್ಸಾಪ್ ಗ್ರೂಪಲ್ಲಿ ಎಲ್ಲರೂ ನನ್ನನ್ನ ನಂಬಿ ಹೆಬ್ಬೆರಳು ಎತ್ತಿದ್ರು.

ಈಗ ಎರಡೂ ಕಟ್ಟಿ ಆಗಿದೆ. ಡಕ್ಟ್ ಕದಲಿಸೋಕೆ ಆಗಲ್ವಂತೆ, ಸೋಮವಾರ ಮೆಟ್ಟಿಲು ಒಡೀತಾರೆ. “ಇದನ್ನ ಪಾಸ್ ಮಾಡಿದ ಪುಣ್ಯಾತ್ಮ ಯಾರಪ್ಪಾ?” ಅಂತ ಮೇಸ್ತ್ರಿ ಕೇಳಿದಾಗ ನಾನು ಅಲ್ಲಿಂದ ಜಾರಿಕೊಂಡು ಬಂದು ಈ ಕಾಗದ ಬರೆಯೋಕೆ ಕೂತೆ. ಡಕ್ಟಿನವರನ್ನ ಬೈಬೇಡಿ.

ಭಾನುವಾರದೊಳಗೆ ಒಂದ್ಸಲ ಬಂದು ಹತ್ತಿ ನೋಡಿ. ಹನ್ನೊಂದನೇ ಮೆಟ್ಟಿಲಲ್ಲಿ ಬಗ್ಗಬೇಕು. ನಿಮ್ಮ ತಲೆಗೆ ಪೆಟ್ಟಾಗದಿರಲಿ ಅಂತ ಡಕ್ಟಿನ ಅಂಚಿಗೆ ನನ್ನ ಸ್ವೆಟರ್ ಕಟ್ಟಿದ್ದೀನಿ.

ನಿಮ್ಮ ಅಭಿಮಾನಿ,
ಮಾಡೆಲ್ ಸೆಕ್ಷನ್ ಹುಡುಗಿ