ನೀಲಿ ಜುಟ್ಟಿನ ಹುಂಜ

ಮಾರ್ಚ್ ೯, ಭಾನುವಾರ.

ಕಾಯಿಲೆ ವಾಸಿಯಾದ ಹುಂಜನನ್ನು ಇವತ್ತು ಗುಂಪಿಗೆ ಬಿಟ್ಟೆ. ಜುಟ್ಟಿನ ಹುಣ್ಣಿಗೆ ಹಚ್ಚಿದ ನೀಲಿ ಮದ್ದು ಮಾತ್ರ ಇನ್ನೂ ಹೋಗಿರಲಿಲ್ಲ. ಯಾರೋ ಹೊರಗಿನವನು ಬಂದನೆಂದು ಕೋಳಿಗಳೆಲ್ಲ ಸೇರಿ ಕುಕ್ಕತೊಡಗಿದವು. ಒಲೆಯ ಪಕ್ಕ ಬೆಚ್ಚಗಿಟ್ಟು ಉಳಿಸಿಕೊಂಡ ಜೀವ ತನ್ನವರಿಂದಲೇ ಹೋಗುವುದೇ ಎಂದು ಅವನನ್ನು ಎತ್ತಿಕೊಂಡು, ಈ ನೀಲಿ ಕಂಡೇ ಕುಕ್ಕುತ್ತಿವೆ ಎಂದು ಯಜಮಾನರಿಗೆ ಹೇಳಿದೆ.

"ಹಾಗಾದ್ರೆ ಉಳಿದವಕ್ಕೂ ಬಳಿದುಬಿಡು ಕಣೇ!" ಎಂದು ಯಜಮಾನರು ನಕ್ಕರು.

ನಾನು ನಿಜವಾಗಿಯೂ ಬಳಿದೆ. "ನಿಂಗೆಲ್ಲೋ ತಲೆ ಕೆಟ್ಟಿದೆ" ಎನ್ನುತ್ತಲೇ ಅವರು ಒಂದೊಂದನ್ನೇ ಹಿಡಿದುಕೊಟ್ಟರು. ಅಲ್ಲಿಗೆ ಜಗಳ ನಿಂತಿತು. ಕತ್ತಲಾದ ಮೇಲೆ ಗೂಡಿಗೆ ಇಣುಕಿದರೆ, ನಡುವೆ ನಮ್ಮ ಹುಂಜ, ಎರಡೂ ಪಕ್ಕದಲ್ಲಿ ಒತ್ತಿಕೊಂಡು ಕೂತ ನೀಲಿ ತಲೆಗಳು!

ಎಷ್ಟು ತಿಕ್ಕಿದರೂ ನನ್ನ ಕೈಯ ಬಣ್ಣ ಹೋಗಲಿಲ್ಲ. ಹಾಗೇ ಕೈಮುಗಿದೆ. ದೇವರಿಗೆ ನನ್ನ ಗುರುತು ಸಿಗದೇ ಇರುತ್ತದೆಯೇ? ಬೆಳಗ್ಗೆ ಹುಂಜನ ಕೂಗೊಂದು ಕೇಳಿಬಿಟ್ಟರೆ ಸಾಕು...