ಚೆಲುವಿಗೆ ಒಂದು ಪುಸ್ತಕ

ಒಂಟಿಕೊಪ್ಪಲ್, ಮೈಸೂರು
ಸೋಮವಾರ, 12 ನವೆಂಬರ್ 1951

ಪ್ರೀತಿಯ ಚೆಲುವಿಯ ಅಪ್ಪನಿಗೆ, ಸರೋಜ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಸಂಜೆಯ ಜ್ವರ ಇಳಿಯಿತೇ? ಮಲಗಿದಾಗ ಬೆವರುವುದು ಕಡಿಮೆಯಾಯಿತೇ? ಹೋದ ಕಾಗದದಲ್ಲಿ ‘ಪರವಾಗಿಲ್ಲ’ ಎಂದು ಒಂದೇ ಮಾತು ಬರೆದು ಕೈತೊಳೆದುಕೊಂಡಿದ್ದೀರಿ. ನಿಮ್ಮ ‘ಪರವಾಗಿಲ್ಲ’ ನನಗೆ ಗೊತ್ತಿಲ್ಲದ್ದೇ? ಕರವಸ್ತ್ರದಲ್ಲಿ ಮೊದಲ ಸಲ ರಕ್ತ ಕಂಡಾಗಲೂ ಅದನ್ನೇ ಅಂದವರು ನೀವು. ಆ ಹೊಸ ಇಂಜೆಕ್ಷನ್ನು ನಿಮ್ಮ ವಾರ್ಡಿಗೆ ಬಂತೇ ಇಲ್ಲವೇ, ಅದೊಂದನ್ನಾದರೂ ನೆಟ್ಟಗೆ ಬರೆಯಿರಿ. ಸ್ಯಾನಿಟೋರಿಯಂ ಬೆಟ್ಟದ ಮೇಲಿರುವುದರಿಂದ ಚಳಿ ಜಾಸ್ತಿಯಂತೆ. ಕೊಟ್ಟು ಕಳಿಸಿದ ಕಂಬಳಿಯನ್ನು ಮಡಿಸಿಡಬೇಡಿ, ಹೊದ್ದುಕೊಳ್ಳಿ. ಇಲ್ಲಿ ಅತ್ತೆಯವರು ಮಂಡಿನೋವೊಂದು ಬಿಟ್ಟರೆ ಗಟ್ಟಿಯಾಗಿದ್ದಾರೆ. ನಮಗೆ ಜೊತೆಯಾಗಲೆಂದು ಇಲವಾಲದಿಂದ ಬಂದು ಇಷ್ಟು ದಿನವಾದರೂ ಅವರಿಗೆ ಈ ಊರಿನ ನಲ್ಲಿನೀರು ನಾಲಿಗೆಗೆ ಹತ್ತಿಲ್ಲ. ನಾನು ಚೆನ್ನಾಗಿದ್ದೇನೆ. ನಿಮ್ಮ ಮಗಳ ವಿಷಯ ಹೇಳಬೇಕೆಂದೇ ಈ ಕಾಗದ.

ನೀವು ಒಲೆ ಹಚ್ಚಿ ಹೋದಿರಿ, ಸೌದೆ ಹೊಂದಿಸುವ ಪಾಡು ನನ್ನದಾಯಿತು. ಮೂರು ವರ್ಷದ ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಡಿ ಅಂಗಡಿಯ ಬೋರ್ಡು ಓದಿಸಿದವರು ಯಾರು? ಈಗ ಅದಕ್ಕೆ ಏಳು ವರ್ಷ. ಎರಡನೇ ತರಗತಿಯ ಪಾಠಪುಸ್ತಕವನ್ನು ಕೊಂಡ ದಿನವೇ, ಅಂಗಡಿಯಿಂದ ಮನೆಗೆ ನಡೆದು ಬರುವಷ್ಟರಲ್ಲಿ ಮುಗಿಸಿಬಿಟ್ಟಳು. ಕಡಲೆಕಾಯಿ ಪೊಟ್ಟಣ ಬಿಚ್ಚಿದರೆ ಕಾಯಿ ನೆಲಕ್ಕೆ, ಕಾಗದ ಕೈಗೆ. ಜಟಕಾದಲ್ಲಿ ತಮಟೆ ಬಡಿಯುತ್ತಾ ಸಿನಿಮಾ ನೋಟೀಸು ಎಸೆಯುವವರ ಹಿಂದೆ ಓಡುತ್ತಾಳೆ. ಎಲೆಕ್ಷನ್ನಿಗೆ ನಿಂತವರೆಲ್ಲ ಹಂಚಿದ ಕಾಗದಗಳನ್ನು ಓದಿ, ಯಾರು ಏನೇನು ಕೊಡುತ್ತೇವೆ ಅಂದಿದ್ದಾರೆಂದು ಅಜ್ಜಿಗೆ ಒಪ್ಪಿಸುತ್ತಾಳೆ. ಪಂಚಾಂಗ ಮುಗಿದಿದೆ. ಹೆಣ್ಣುಮಗುವಿಗೆ ಇಷ್ಟು ಓದೇಕೆಂದು ಅತ್ತೆ ಗೊಣಗುವರೇನೋ ಅಂದುಕೊಂಡಿದ್ದೆ. ಅವರು ಹೇಳಿದ್ದೇ ಬೇರೆ. “ಉಣ್ಣೋ ಮಗೀಗೆ ಅನ್ನ ಇಲ್ಲ ಅನ್ನಬಾರದು ಕಣವ್ವ. ಎಲ್ಲಾದ್ರೂ ತಂದ್ಕೊಡು.” ಅಕ್ಷರವನ್ನೇ ಅರಿಯದ ನಿಮ್ಮ ತಾಯಿ ಹೀಗಂದ ಮೇಲೆ ನಾನು ಸುಮ್ಮನಿರುವುದು ಹೇಗೆ?

ಲೈಬ್ರರಿಗೆ ಕರೆದುಕೊಂಡು ಹೋದೆ. ಅಲ್ಲಿ ಮಕ್ಕಳದೆಂದು ಇದ್ದದ್ದು ಒಂದು ಗೂಡಿನ ಮೂಲೆ: ಕಾಗೆ, ನರಿ, ದಪ್ಪ ದಪ್ಪ ಅಕ್ಷರ. ನಿಂತಲ್ಲೇ ಎಲ್ಲವನ್ನೂ ಓದಿ, ಇನ್ನೇನಿದೆ ಎಂದು ನನ್ನ ಮುಖ ನೋಡಿದಳು. ಮಿಕ್ಕಿದ್ದೆಲ್ಲ ದೊಡ್ಡವರ ಪುಸ್ತಕ. ಏನೇ ತಂದರೂ ಮೊದಲು ನಾನು ಓದಿ ಆಮೇಲೆ ಅವಳಿಗೆ ಕೊಡುವುದೆಂದು ನಿಶ್ಚಯ ಮಾಡಿದೆ. ನನ್ನ ಓದು ಎಂಥದ್ದೆಂದು ನಿಮಗೆ ಗೊತ್ತಲ್ಲ, ಮದುವೆಯಾದ ಮೇಲೆ ನೀವು ಸ್ಲೇಟಿನಲ್ಲಿ ತಿದ್ದಿಸಿದ್ದು. ನಾನು ಬೆರಳಿಟ್ಟುಕೊಂಡು ವಾರವೆಲ್ಲ ಓದುವುದನ್ನು ಅವಳು ಒಂದು ಸಂಜೆಗೆ ನುಂಗುತ್ತಾಳೆ. “ಆಯ್ತೇನಮ್ಮಾ? ಇನ್ನೂ ಆಗಿಲ್ವಾ?” ಎಂದು ಸೆರಗು ಹಿಡಿದು ತಿರುಗುತ್ತಾಳೆ. ಒಂದು ಪುಸ್ತಕದಲ್ಲಿ ಸೊಸೆ ಬಾವಿಗೆ ಹಾರಿದಳು. ಇನ್ನೊಂದರಲ್ಲಿ ಗಂಡ ಬೇರೆಯವಳನ್ನು ಕಟ್ಟಿಕೊಂಡ. ಮತ್ತೊಂದರಲ್ಲಿ ಮೊದಲನೇ ಪುಟಕ್ಕೇ ಹೆಣ. ಓದು ಇಪ್ಪತ್ತು ವರ್ಷದವಳದು, ಮನಸ್ಸು ಏಳು ವರ್ಷದವಳದು. ಎರಡಕ್ಕೂ ಒಗ್ಗುವಂಥದ್ದು ಈ ಮೈಸೂರಿನಲ್ಲಿ ನನಗಂತೂ ಸಿಗಲಿಲ್ಲ.

ಕೊನೆಗೆ ಜಯಲಕ್ಷ್ಮಿಪುರಂಗೆ ನಿಮ್ಮ ಮೇಷ್ಟ್ರು ವೆಂಕಟಸುಬ್ಬಯ್ಯನವರ ಮನೆಗೆ ಹೋದೆ. ನಿಮಗೆ ಪಾಠ ಹೇಳಿದವರಲ್ಲವೇ, ಅವರ ಬೀರುವಿನಲ್ಲಿ ಏನಾದರೂ ಇದ್ದೇ ಇರುತ್ತದೆ ಎಂಬ ನಂಬಿಕೆ. ಅವರು ನಿಮ್ಮನ್ನು ಬಾಯಿತುಂಬ ವಿಚಾರಿಸಿದರು. ದೂರದೂರಿಗೆ ವರ್ಗವಾಗಿದೆ ಎಂದೆ. ಎಲ್ಲರಿಗೂ, ಚೆಲುವಿಗೂ, ನಾವು ಹೇಳಿರುವುದು ಅದನ್ನೇ ತಾನೇ? ಈ ಕಾಯಿಲೆಯ ಹೆಸರು ಹೊರಬಿದ್ದರೆ ಮನೆ ಬಾಡಿಗೆಗೆ ಕೊಟ್ಟವರು ನಮ್ಮ ಪಾತ್ರೆಪಡಗ ಬೀದಿಗಿಡುತ್ತಾರೆ, ಸ್ಕೂಲಿನಲ್ಲಿ ಮಗುವಿನ ಪಕ್ಕ ಯಾರೂ ಕೂರುವುದಿಲ್ಲ. ಮೇಷ್ಟ್ರು ಬೀರುವನ್ನೆಲ್ಲ ತಡಕಾಡಿ, ರಟ್ಟು ಸಡಿಲವಾದ ಒಂದು ದಪ್ಪ ಮನೆವೈದ್ಯದ ಪುಸ್ತಕ ತೆಗೆದುಕೊಟ್ಟರು. “ಇದರಲ್ಲಿ ಕಥೆಯೇ ಇಲ್ಲವಲ್ಲಮ್ಮ, ಮಗು ಕೆಡೋದಕ್ಕೆ. ಗಿಡಮೂಲಿಕೆ ಚಿತ್ರ ಇದೆ, ಓದಿಕೊಳ್ಳಲಿ ಬಿಡು.” ನನಗೂ ಸರಿಯೆನಿಸಿತು. ಬಾವಿಯಿಲ್ಲ, ಕೊಲೆಯಿಲ್ಲ, ಗಂಡಹೆಂಡಿರ ರಗಳೆಯಿಲ್ಲ. ನಿಜ ಹೇಳಿದ್ದರೆ ಆ ಪುಣ್ಯಾತ್ಮರು ಬೇರೆ ಏನಾದರೂ ಕೊಡುತ್ತಿದ್ದರೋ ಏನೋ. ಅಷ್ಟು ದಪ್ಪದ್ದನ್ನು ಓದಿ ಮುಗಿಸಲು ನನಗೆ ದೀಪಾವಳಿಯಿಂದ ಯುಗಾದಿಯವರೆಗೆ ಬೇಕಾಗುತ್ತಿತ್ತು. ಆದ್ದರಿಂದ ಈ ಒಂದನ್ನು ಮಾತ್ರ ನಾನು ಮುಂಚೆ ಓದದೆ ಅವಳ ಕೈಗೆ ಕೊಟ್ಟೆ.

ಮೊದಮೊದಲು ಮನೆಯೆಲ್ಲ ಹಬ್ಬ. ಅಜ್ಜಿಯ ಮಂಡಿಗೆ ಹರಳೆಲೆ ಬಿಸಿಮಾಡಿ ಕಟ್ಟಿಸಿದಳು, ನನ್ನ ನೆಗಡಿಗೆ ಮೆಣಸಿನ ಕಷಾಯ ಹೇಳಿದಳು. ಅತ್ತೆ “ಡಾಕುಟ್ರು ಬಂದ್ಬುಟ್ರು, ಎದ್ದು ಕೂತ್ಕೊಳ್ರಪ್ಪ” ಎಂದು ನಗುತ್ತಿದ್ದರು. ನೀವು ಹೋದ ಮೇಲೆ ಈ ಮನೆಯಲ್ಲಿ ನಗು ಕೇಳಿದ್ದು ಆಗಲೇ. ಹೋದ ಗುರುವಾರ ಸ್ಕೂಲಿನಿಂದ ಬಂದವಳು ಪುಸ್ತಕ ಹಿಡಿದು ಜಗಲಿಯ ಮೇಲೆ ಕೂತಳು, ದೀಪ ಹಚ್ಚಿದರೂ ಏಳಲಿಲ್ಲ. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಾ, “ಅಮ್ಮಾ, ಅಪ್ಪನಿಗೆ ವರ್ಗ ಆಗಿಲ್ಲ ಅಲ್ವಾ?” ಎಂದಳು. ಸುಮ್ಮನೆ ಊಟ ಮಾಡು ಎಂದೆ. ಅವಳು ಒಂದೊಂದಾಗಿ ಹೇಳುತ್ತಾ ಹೋದಳು: ನಿಮ್ಮ ಬೇರೆ ಲೋಟ, ನಾನು ಕುದಿಸುತ್ತಿದ್ದ ಕರವಸ್ತ್ರಗಳು, ಸಂಜೆಯಾದರೆ ಕೆಂಪಾಗುತ್ತಿದ್ದ ನಿಮ್ಮ ಕೆನ್ನೆ. ಎಲ್ಲವೂ ಆ ಪುಸ್ತಕದಲ್ಲಿ ಇದೆಯಂತೆ. ಆಮೇಲೆ ಅವಳು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. “ಅಪ್ಪ ನನ್ನ ಎತ್ಕೊಳ್ಳೋದು ಬಿಟ್ಟಿದ್ದು ಇದಕ್ಕೇನಾ? ನಾನು ದೊಡ್ಡೋಳಾದೆ, ಅದಕ್ಕೇ ಅಂದ್ಕೊಂಡಿದ್ದೆ.”

ಅತ್ತೆ ಎದ್ದು ಹಿತ್ತಲಿಗೆ ಹೋದರು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಅವತ್ತಿನಿಂದ ಅವಳು ಓದುತ್ತಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಅಳುವುದೂ ಇಲ್ಲ. ನಿನ್ನೆ ಬೇಕೆಂದೇ ಕಡಲೆಕಾಯಿ ತಂದೆ. ಕಾಯಿ ತಿಂದಳು, ಕಾಗದವನ್ನು ಮಡಿಸಿ ಒಲೆಯ ಪಕ್ಕ ಇಟ್ಟಳು. ಆ ಮನೆವೈದ್ಯವನ್ನು ಟ್ರಂಕಿನಲ್ಲಿ ಹಾಕಿ ಬೀಗ ಜಡಿದಿದ್ದೇನೆ. ಅವಳು ಅದನ್ನು ಕೇಳಿಯೂ ಇಲ್ಲ. ಆ ಕಾಯಿಲೆಯ ಅಧ್ಯಾಯಕ್ಕೆ ಕೊನೆಯ ಹಾಳೆ ಇಲ್ಲವೆಂದು ಮಾತ್ರ, ಗುರುವಾರ ರಾತ್ರಿ ನಾನು ಬೀಗ ಹಾಕುವ ಮುಂಚೆ, ಒಂದು ಸಲ ಹೇಳಿದಳು. ಹಳೇ ಪುಸ್ತಕ, ಇಲಿ ತಿಂದಿರಬೇಕು ಎಂದೆ. ಇನ್ನು ಯಾವ ಪುಸ್ತಕ ತರಲಿ, ಎಲ್ಲಿಂದ ತರಲಿ, ನನಗೆ ದಿಕ್ಕೇ ತೋಚುತ್ತಿಲ್ಲ. ಓದಲು ಕಲಿಸಿದವರು ನೀವು, ಓದಿದ್ದನ್ನು ಮರೆಸುವುದು ಹೇಗೆಂದು ನಮ್ಮಿಬ್ಬರಲ್ಲಿ ಯಾರಿಗೂ ಕಲಿಸಲಿಲ್ಲ.

ಅತ್ತೆಯವರು ಚಾಮುಂಡಿತಾಯಿಗೆ ನಿಮ್ಮ ಹೆಸರಿನಲ್ಲಿ ಹರಕೆ ಹೊತ್ತು ಅರಿಸಿನದ ದಾರ ಕಟ್ಟಿಟ್ಟಿದ್ದಾರೆ, ಲಕೋಟೆಯಲ್ಲಿ ಇಟ್ಟಿದ್ದೇನೆ. ಕೈಗೆ ಕಟ್ಟಿಕೊಳ್ಳಿ, ನಗಬೇಡಿ. ಅವರ ಆಶೀರ್ವಾದ ನಿಮಗೆ. ಹಾಲು ಮೊಟ್ಟೆ ತಪ್ಪಿಸಬೇಡಿ.

ನಿಮ್ಮ ದಾರಿ ಕಾಯುವ
ಸರೋಜ

ತಾ.ಕ. ಟಪಾಲು ಡಬ್ಬಿ ತೆಗೆಯುವ ಹೊತ್ತಾಯಿತು. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಇಲಿ ತಿಂದಿಲ್ಲ. ಗುರುವಾರ ಊಟಕ್ಕೆ ಕರೆದು, ಅವಳು ಓದು ಮಧ್ಯದಲ್ಲೇ ಬಿಟ್ಟು ಕೈತೊಳೆಯಲು ಎದ್ದಾಗ ಪುಸ್ತಕ ತೆರೆದೇ ಬಿದ್ದಿತ್ತು. ಅಧ್ಯಾಯದ ಹೆಸರು ಕಂಡೆ, ಕೊನೆಯ ಹಾಳೆಗೆ ತಿರುಗಿಸಿ ಓದಿದೆ, ಹರಿದು ನೀರೊಲೆಗೆ ಹಾಕಿದೆ. ಅವಳ ವಯಸ್ಸಿಗೆ ತಕ್ಕದ್ದಲ್ಲವೆಂದು ಹರಿದೆ. ನನ್ನ ವಯಸ್ಸಿಗೂ ತಕ್ಕದ್ದಾಗಿರಲಿಲ್ಲ. ಪುಸ್ತಕ ಹಳೆಯದು, ಇಂಜೆಕ್ಷನ್ನು ಬರುವ ಮುಂಚಿನದು ಎಂದು ದಿನಾ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಇವತ್ತು ಬೆಳಿಗ್ಗೆ ಜಡೆ ಹಾಕುವಾಗ ಚೆಲುವಿ ಅಂದಳು, “ಇಲಿ ಅಷ್ಟು ನೆಟ್ಟಗೆ ತಿನ್ನಲ್ಲ ಅಮ್ಮಾ. ಬುಡು, ನಿನ್ನ ಕೇಳಲ್ಲ. ಆ ಹಾಳೇಲಿ ಏನಿತ್ತು ಅಂತ ಅಪ್ಪನೇ ಬರೆದು ಕಳಿಸ್ಲಿ.” ನೀವು ಸುಳ್ಳು ಬರೆದರೆ ಅವಳು ಕಂಡುಹಿಡಿಯುತ್ತಾಳೆ, ನಿಜ ಬರೆದರೆ ನಾನು ಇನ್ನೊಂದು ಸಲ ಓದಲಾರೆ. ಆದರೂ ಬರೆಯಿರಿ. ಸ್ಕೂಲಿಗೆ ಹೋಗುವುದಿಲ್ಲವೆಂದು ಹಟ ಹಿಡಿದು, ಟಪಾಲಿನವನಿಗಾಗಿ ಈಗಲೇ ಬಾಗಿಲಲ್ಲಿ ಕೂತಿದ್ದಾಳೆ.